ಮೊದಲು ಕಾರ್ಡು, ಆಮೇಲೆ ಮುಖ

ದಿನೇಶ್ ಸರ್ ಚಿತ್ರವನ್ನು ಮೂರನೆಯ ಸಲ ಹಿಂದಕ್ಕೆ ತಿರುಗಿಸಿದಾಗ ನಾನು ಅಂಕದ ಹಾಳೆ ಬದಿಗಿಟ್ಟು ಪರದೆಯತ್ತ ಬಾಗಿದೆ.

ಅದು ೨೦೦೭. ಹೈಟೆಕ್ ಸಿಟಿಯ ನಮ್ಮ ಕಂಪನಿಯ ಕನ್ನಡ ಬಳಗ ಕಿರುಚಿತ್ರ ಸ್ಪರ್ಧೆ ಇಟ್ಟಿತ್ತು. ತೀರ್ಪುಗಾರರು ಇಬ್ಬರೇ. ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವ ದಿನೇಶ್ ಸರ್ ಒಬ್ಬರು. ಇನ್ನೊಬ್ಬಳು ನಾನು, ಗುಲಬರ್ಗಾದ ಭಾಗ್ಯಶ್ರೀ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ನೌಕರಿ. ಮನೆಯಲ್ಲೂ ಅದನ್ನೇ ಮಾಡುತ್ತೀಯೆಂದು ಅವ್ವ ಬೈಯುತ್ತಾಳೆ.

ಏಳು ನಿಮಿಷದ ಚಿತ್ರ. ನಮ್ಮದೇ ಕಂಪನಿಯ ಗೇಟು, ಒಳಗೆ ಬರುವ ಜನ, ಅಷ್ಟೆ. ಮಾತಿಲ್ಲ. ಕೊನೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ತಲೆಯೆತ್ತಿ ನಗುತ್ತಾಳೆ. ನಿರ್ದೇಶನ, ಛಾಯಾಗ್ರಹಣ: ಆನಂದಕುಮಾರ. ಅಂದರೆ ನನ್ನ ಮ್ಯಾನೇಜರ್.

"ನೋಡಿ, ಪ್ರತಿಯೊಬ್ಬರೂ ಎದೆಯಿಂದ ಶುರುವಾಗುತ್ತಾರೆ" ಎಂದರು ದಿನೇಶ್ ಸರ್. "ಮೊದಲು ಕೊರಳಿನ ಕಾರ್ಡು. ಅಲ್ಲಿ ಎರಡು ಸೆಕೆಂಡು ನಿಂತು, ಆಮೇಲೆ ಕ್ಯಾಮೆರಾ ಮುಖಕ್ಕೆ ಏರುತ್ತೆ. ಕಾರ್ಡಿಲ್ಲದವರ ಮುಖ ತೋರಿಸೋದೇ ಇಲ್ಲ. ಒಂದು ಮಾತೂ ಇಲ್ಲದೆ ಈ ಊರಿನ ಕಥೆ ಹೇಳಿಬಿಟ್ಟಿದ್ದಾರೆ. ಆ ಕೊನೆಯ ಹೆಂಗಸಿಗೆ ಮಾತ್ರ ನೇರ ಮುಖವೇ. ಯಾಕಿರಬಹುದು?"

"ಎಲ್ಲಾ ಪ್ಲ್ಯಾನ್ ಮಾಡೇ ತಗದದ್ದು ಸರ್" ಎಂದ ಆನಂದಕುಮಾರ ಮುಂದಿನ ಸಾಲಿನಿಂದ. "ಐಡೆಂಟಿಟಿ ಅನ್ನೋ ಥೀಮ್."

ನನಗೆ ಮೈ ಉರಿಯಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅದು ನನ್ನ ಕಾರ್ಡು ಓದಿ, ಆಮೇಲೆ ಮುಖಕ್ಕೆ ಬಂದು, "ನಮಸ್ಕಾರ್ರಿ ಅಕ್ಕಾರ" ಅನ್ನುತ್ತದೆ. ಅದು ಗೇಟಿನ ಕಾವಲುಗಾರ ಹುಸೇನಪ್ಪನ ನೋಟ. ಆನಂದಕುಮಾರ ಜನ್ಮದಲ್ಲಿ ಯಾರ ಕಾರ್ಡೂ ಓದಿದವನಲ್ಲ. ಸ್ಪರ್ಧೆಗೆಂದು ಕಂಪನಿ ಕೊಂಡ ಕ್ಯಾಮೆರಾ ಇರುತ್ತಿದ್ದದ್ದೂ ಗೇಟಿನ ಕೋಣೆಯಲ್ಲೇ.

ಚಹಾದ ಬಿಡುವು ಹದಿನೈದು ನಿಮಿಷ. ಗೇಟಿಗೆ ಓಡಿದೆ.

"ಹುಸೇನಪ್ಪಾರ, ಆ ಪಿಚ್ಚರ್ ತಗದಾವ್ರು ನೀವೇನ್ರಿ?"

ಆತ ಸುತ್ತ ನೋಡಿದ. "ಸಣ್ಣಗ ಮಾತಾಡ್ರಿ ಅಕ್ಕಾರ. ವಾರದ ರಜಾ ದಿನ ಬಂದು ತಗದೀನ್ರಿ. ಬರೋಬ್ಬರಿ ಐತೇನು ನೋಡ್ರಿ ಅಂತ ಸಾಹೇಬ್ರ ಕೈಯಾಗ ಕೊಟ್ಟೆ. ಹೊಳ್ಳಿ ಕೊಡಲಿಲ್ಲ."

"ತಗಿಯೋದು ಯಾರೂ ನೋಡಲಿಲ್ಲೇನು?"

"ಎಲ್ಲಾರೂ ನೋಡ್ಯಾರ್ರಿ. ನೀವೂ ನೋಡೀರಿ."

ಹೌದು, ನೋಡಿದ್ದೆ. ಗೇಟಿನ ಏನೋ ಕೆಲಸವಿರಬೇಕೆಂದು ಮುಂದೆ ಹೋಗಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಕಡೀಕೆ ನಗತಾಳಲ್ಲ, ಆ ಹೆಣ್ಣಮಗಳು?"

"ನಮ್ಮಾಕಿರಿ, ನನ್ನ ಹೇಣ್ತಿ ಶಂಕ್ರಮ್ಮ. ಇಲ್ಲೇ ಮೂರನೇ ಮಜಲಿನ್ಯಾಗ ಕೆಲಸ."

"ಆಕಿ ಕೊರಳಾಗೂ ಕಾರ್ಡ್ ಐತಲ್ಲ?"

"ಆಕೀದು ಕಾರ್ಡ್ ನಾ ಯಾಕ ನೋಡಲಿರಿ?" ಎಂದ ಹುಸೇನಪ್ಪ.

ಈಗಲೇ ಹೋಗಿ ಎಲ್ಲರೆದುರು ಹೇಳುತ್ತೇನೆಂದೆ. ಆತ ಕೈ ಮುಗಿದುಬಿಟ್ಟ. "ಬ್ಯಾಡ್ರಿ ಅಕ್ಕಾರ. ಸಾಹೇಬ್ರು ನಮ್ಮನ್ನ ಕೆಲಸಕ್ಕ ಕಳಿಸಿದ ಏಜೆನ್ಸಿಗೆ ಒಂದು ಫೋನ್ ಹಚ್ಚಿದ್ರ ಇಬ್ಬರದೂ ನೌಕ್ರಿ ಹೋಗ್ತೈತಿ. ಹೇಳಂಗಿಲ್ಲ ಅಂತ ಮಾತು ಕೊಡ್ರಿ." ಕೊಟ್ಟೆ. ಹೊರಟವಳನ್ನು ಮತ್ತೆ ಕರೆದು, "ಪಡದೆ ಮ್ಯಾಲ ಹ್ಯಾಂಗ ಕಾಣ್ತಿತ್ರಿ?" ಎಂದು ಕೇಳಿದ. ತನ್ನ ಚಿತ್ರವನ್ನು ಆತ ಒಮ್ಮೆಯೂ ಪರದೆಯ ಮೇಲೆ ನೋಡಿರಲಿಲ್ಲ.

ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನೂ ತೀರ್ಪಿನ ಹಾಳೆಗೆ ಸಹಿ ಹಾಕಿದೆ. ಸಭಾಂಗಣದಲ್ಲಿ ಮೊದಲ ಬಹುಮಾನ ಆನಂದಕುಮಾರನಿಗೇ ಎಂದು ಘೋಷಣೆಯಾಯಿತು. ಫೋಟೋದಲ್ಲಿ ಕೋಟಿನ ಅಂದ ಕೆಡುತ್ತದೆಂದು ಆತ ಕಾರ್ಡು ತೆಗೆದು ಜೇಬಿಗೆ ಹಾಕಿಕೊಂಡು ವೇದಿಕೆ ಹತ್ತಿದ. ಬಹುಮಾನ ಕೊಡುವುದನ್ನು ಅದೇ ಕ್ಯಾಮೆರಾದಿಂದ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ತೋರಿಸಬೇಕಿತ್ತು. ಕ್ಯಾಮೆರಾ ಹಿಡಿಯಬೇಕಿದ್ದ ಕಲ್ಲೇಶ ಕೂಕಟ್‌ಪಲ್ಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

"ಯಾರು ಹಿಡೀತೀರಿ?" ಎಂದು ವೇದಿಕೆಯ ಮೇಲಿಂದ ಕೇಳಿದೆ, ಆನಂದಕುಮಾರನನ್ನೇ ನೋಡುತ್ತಾ.

"ಗೇಟಿನ ಹುಸೇನಪ್ಪನ್ನ ಕರಸ್ರಿ. ಅವ ಛಲೋ ಹಿಡೀತಾನ" ಎಂದ. ತನ್ನ ಬಾಯಿಂದ ಏನು ಜಾರಿತೆಂದು ಅವನಿಗೇ ತಿಳಿಯಲಿಲ್ಲ.

ಹುಸೇನಪ್ಪ ಬಂದ. ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಕ್ಯಾಮೆರಾ ಎತ್ತಿದ. ಪರದೆಯ ಮೇಲೆ ದಿನೇಶ್ ಸರ್ ಕೊರಳಿನ ಅತಿಥಿ ಕಾರ್ಡು ಬಂತು. ಎರಡು ಸೆಕೆಂಡು. ಆಮೇಲೆ ಮೆಲ್ಲಗೆ ಅವರ ಮುಖ. ಪಕ್ಕಕ್ಕೆ ಸರಿಯಿತು: ನನ್ನ ಕಾರ್ಡು, ಎರಡು ಸೆಕೆಂಡು, ನನ್ನ ಮುಖ. ದಿನೇಶ್ ಸರ್ ತಿರುಗಿ ಪರದೆ ನೋಡಿದರು, ಆಮೇಲೆ ನನ್ನನ್ನು. ನಾನು ಕಣ್ಣು ತಪ್ಪಿಸಿ ನನ್ನ ಕಾರ್ಡು ನೇರ ಮಾಡಿಕೊಂಡೆ.

ಈಗ ಆನಂದಕುಮಾರನ ಸರದಿ. ಪರದೆಯ ತುಂಬ ಕೋಟು, ಟೈ. ಕಾರ್ಡಿರಬೇಕಾದ ಜಾಗ ಖಾಲಿ. ಕ್ಯಾಮೆರಾ ಅಲ್ಲೇ ನಿಂತಿತು. ಎರಡು ಸೆಕೆಂಡು, ಐದು, ಹತ್ತು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿ ನೋಡಿದರು.

"ಮ್ಯಾಲ ತಗೊಳ್ಳೋ!" ಆನಂದಕುಮಾರ ಹಲ್ಲು ಕಚ್ಚಿ ಹೇಳಿದ.

ಕಣ್ಣು ಕ್ಯಾಮೆರಾದಲ್ಲೇ ನೆಟ್ಟಿದ್ದ ಹುಸೇನಪ್ಪ, ದಿನಾ ನೂರು ಸಲ ಕೇಳುವುದನ್ನೇ ಕೇಳಿದ. "ಸಾಹೇಬ್ರ, ಕಾರ್ಡ್ ಎಲ್ಲೈತ್ರಿ?"

ಆನಂದಕುಮಾರ ಜೇಬು ತಡಕಿ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡ. ಅದರ ದಾರ ಟೈಗೆ ಸಿಕ್ಕಿಕೊಂಡದ್ದು ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಆಗ ಕ್ಯಾಮೆರಾ ಮೇಲೇರಿತು. ಅವನ ಮುಖ ಬೆವರಿತ್ತು.

ದಿನೇಶ್ ಸರ್ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು ಮೈಕು ತೆಗೆದುಕೊಂಡರು. "ಈ ಚಿತ್ರ ತೆಗೆದವರು ಯಾರು?"

ಆನಂದಕುಮಾರ ಮೇಜಿನ ಮೇಲಿನ ಪ್ರಮಾಣಪತ್ರವನ್ನೇ ನೋಡುತ್ತಿದ್ದ. ನಾನು ಮಾತು ಕೊಟ್ಟಿದ್ದೆ. ಹುಸೇನಪ್ಪನ ತುಟಿ ಅಲುಗಿ ಮತ್ತೆ ಮುಚ್ಚಿಕೊಂಡಿತು. ಎರಡು ನೌಕರಿ, ಒಂದು ಹೆಸರು. ಹೇಳಪ್ಪಾ ಎಂದು ಕೂಗಬೇಕೆನಿಸಿತು, ಬೇಡ ಸುಮ್ಮನಿರು ಎಂದೂ ಅನಿಸಿತು.

ಆತ ಕ್ಯಾಮೆರಾವನ್ನು ನಿಧಾನವಾಗಿ ತನ್ನ ಕಡೆಗೇ ತಿರುಗಿಸಿಕೊಂಡ. ಪರದೆಯ ಮೇಲೆ ಖಾಕಿ ಅಂಗಿ ಬಂತು, ಏಜೆನ್ಸಿಯ ಮಾಸಿದ ಕಾರ್ಡು ಬಂತು, ಅದರಲ್ಲಿ ಹುಸೇನಪ್ಪ ಎಂಬ ಹೆಸರು. ಎರಡು ಸೆಕೆಂಡು ಅಲ್ಲೇ ನಿಂತು, ಆಮೇಲೆ ಮೇಲೇರಿ ಮುಖಕ್ಕೆ ಬಂತು. ಆ ಮುಖದ ತುಂಬ ಹೆದರಿಕೆ ಇತ್ತು. ಕೈ ಮಾತ್ರ ಅಲುಗಲಿಲ್ಲ.