ಮಾತಿಲ್ಲದ ಕಿನ್ನರಿ

ಅಂಗಾಲಿಗೆ ಬೆಚ್ಚಗೆ ತಗುಲಿತು, ಯಾರೋ ಕೆಳಗೆ ನಿಂತು ಉಸಿರು ಬಿಟ್ಟ ಹಾಗೆ, ಅಲ್ಲ, ಅದು ಗ್ಯಾಸ್ ದೀಪಗಳ ಮೊದಲ ಸಾಲು, ಹಾಗಾದರೆ ಅವಳನ್ನು ಕಟ್ಟಿದ ಕಬ್ಬಿಣದ ತೋಳು ರಂಗದಿಂದ ಮೇಲೇಳತೊಡಗಿದೆ, ನಗು ಹೆಸ್ಟರ್, ನಗು, ಸೊಂಟದ ಪಟ್ಟಿಯ ಕೊಂಡಿ ಬೆನ್ನ ಹಿಂದಿದೆ, ಬಿಚ್ಚಿಕೊಳ್ಳಲು ಅವಳ ಕೈಗೇ ಎಟುಕುವುದಿಲ್ಲ, ಕೆಳಗೆ ಕತ್ತಲಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ, ಕ್ರಿಸ್‌ಮಸ್ ನಾಟಕಕ್ಕೆ ಬಂದ ಮಕ್ಕಳು ಅಮ್ಮಾ ನೋಡು ಕಿನ್ನರಿ ಹಾರ್ತಿದಾಳೆ ಎಂದು ಕೂಗುತ್ತವೆ — ಗುಹೆ ಕರಗಿ ಸ್ವರ್ಗವಾಗುವ ಕೊನೆಯ ದೃಶ್ಯ, ಎಲ್ಲಕ್ಕಿಂತ ಮುಂದಿನ ತೋಳು ಈ ವರ್ಷ ಅವಳದು, ಹೋದ ಚಳಿಗಾಲದಲ್ಲಿ ಇದೇ ತೋಳಿಗೆ ಕಟ್ಟಿಸಿಕೊಂಡವಳು ಮಾರ್ಥಾ ಬಿನ್ಸ್, ಲಂಗದ ಅಂಚು ಒಮ್ಮೆ ದೀಪದ ಕಡೆ ಬಾಗಿತು, ಅಷ್ಟೇ, ಹೊತ್ತಿಕೊಂಡಿತು, ಜನ ಹೊಸ ಚಮತ್ಕಾರವೆಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮಾರ್ಥಾ ಕೂಗಲಿಲ್ಲ, ಕಿನ್ನರಿಯರಿಗೆ ಮಾತಿಲ್ಲ, ರಂಗದ ಮೇಲೆ ಬಾಯಿ ತೆರೆದವಳು ನಾಳೆಯಿಂದ ಬರಬೇಕಾಗಿಲ್ಲ ಎಂದು ನೃತ್ಯ ಕಲಿಸುವ ಕ್ರಾಡಕ್ ಅಮ್ಮನವರು ಮೊದಲ ದಿನವೇ ಹೇಳಿಬಿಡುತ್ತಾರೆ, ಒದ್ದೆ ಕಂಬಳಿ ಪರದೆಯ ಮರೆಯಲ್ಲಿ ಯಾವಾಗಲೂ ತಯಾರಾಗಿರುತ್ತದೆ, ಆದರೆ ಅದು ನೆಲದ ಮೇಲಿರುವವರಿಗೆ, ಇಷ್ಟೆತ್ತರಕ್ಕೆ ಯಾರ ಕೈ ಬಂದೀತು.

ಅವಳೇನೂ ಮೂರ್ಖಳಲ್ಲ, ಭಾನುವಾರ ಮನೆಯಲ್ಲೇ ಲಂಗವನ್ನು ಪಟಿಕದ ನೀರಿನಲ್ಲಿ ಅದ್ದಿ ಒಣಹಾಕಿದ್ದಳು, ಪಟಿಕ ಹೀರಿದ ಬಟ್ಟೆಗೆ ಬೆಂಕಿ ಹತ್ತುವುದಿಲ್ಲ, ಪುಟ್ಟ ಅಡಾ ಮುಟ್ಟಿ ನೋಡಿ ಯಾಕಮ್ಮಾ ಇದು ರೊಟ್ಟಿ ಥರ ಆಗೋಯ್ತು ಎಂದಿದ್ದಳು, ನಿನ್ನಮ್ಮ ಮನೆಗೆ ವಾಪಸ್ ಬರ್ಲಿ ಅಂತ ಕಣೇ, ಆದರೆ ಬಣ್ಣದ ಕೋಣೆಯಲ್ಲಿ ಜೊತೆಯ ಕಿನ್ನರಿ ಡಲ್ಸಿ ಕಿಸಕ್ಕೆಂದಳು, ಇದನ್ನ ಹಾಕ್ಕೊಂಡ್ರೆ ದೊಡ್ಡೋರು ಹೂವಲ್ಲ ಕಣೇ, ಆಲೂಗಡ್ಡೆ ಎಸೀತಾರೆ, ಹುಡುಗಿಯರೆಲ್ಲ ನಕ್ಕರು, ಅವರಲ್ಲೊಬ್ಬಳೂ ತನ್ನ ಲಂಗ ಅದ್ದಿಲ್ಲ, ಅದ್ದಿದರೆ ಹಳದಿ ತಿರುಗುತ್ತದೆ, ತೇಲುವುದಿಲ್ಲ, ಹಿಂದಿನ ಸಾಲಿಗೆ ತಳ್ಳುತ್ತಾರೆ, ಅಷ್ಟರಲ್ಲಿ ಕ್ರಾಡಕ್ ಅಮ್ಮನವರು ಬಂದು ಅಂಚು ಹಿಡಿದೆಳೆದರು, ಇದೇನೇ ಇದು, ನೀನು ಕಿನ್ನರಿಯೋ ಬಟ್ಟೆ ಒಗೆಯೋಳೋ, ಬಿಚ್ಚು, ಅಮ್ಮಾವ್ರೆ ಮಾರ್ಥಾಗೆ ಆಗಿದ್ದು ಅಂತ ಇವಳು ಶುರುಮಾಡಿದಾಗ, ಮಾರ್ಥಾ ಕಾಲು ನೆಟ್ಟಗೆ ಇಟ್ಕೊಳ್ಳಲಿಲ್ಲ, ಅದಕ್ಕೇ ಆಗಿದ್ದು, ನೀನು ಇಟ್ಕೋ, ಎಂದು ಪೆಟ್ಟಿಗೆಯಿಂದ ಬೇರೊಂದನ್ನು ಎಸೆದರು — ಹಾಲಿನ ಕೆನೆಯಷ್ಟು ಹಗುರ, ಸೊಂಟದ ಒಳಗೆ ಕೆಂಪು ನೂಲಿನಲ್ಲಿ ಮಾ. ಬಿ., ಮಾರ್ಥಾಳದೇ, ಸುಟ್ಟ ಗುರುತೊಂದೂ ಇಲ್ಲ, ತೊಟ್ಟಾಗ ಬೆಚ್ಚಗಿತ್ತು, ಈಗಷ್ಟೇ ಯಾರೋ ಬಿಚ್ಚಿಟ್ಟ ಹಾಗೆ, ಒಂದು ವರ್ಷ ತಣ್ಣನೆ ಪೆಟ್ಟಿಗೆಯಲ್ಲಿದ್ದ ಬಟ್ಟೆ ಬೆಚ್ಚಗಿರುವುದುಂಟೇ.

ಈಗ ದೀಪಗಳ ಎರಡನೇ ಸಾಲು, ಕಾಲು ನೆಟ್ಟಗೆ, ಬೆರಳ ತುದಿಯೂ ನೆಟ್ಟಗೆ, ಪಿಟೀಲುಗಳು ಏರುತ್ತಿವೆ, ರಂಗದ ಕೆಳಗೆ ಮುದುಕ ಜೇಬೆಜ್ ತೋಳನ್ನೆತ್ತುವ ರಾಟೆ ತಿರುಗಿಸುತ್ತಿದ್ದಾನೆ, ಇನ್ನೊಂದು ಸಾಲು ದಾಟಿದರೆ ಆಯಿತು, ಮೇಲೆ ಕತ್ತಲು, ತಂಪು, ಆಮೇಲೆ ಇಳಿಸುತ್ತಾರೆ, ಮನೆ, ಅಡಾ — ಯಾರೋ ಹಿಂಬಾಗಿಲು ತೆರೆದರು, ಬೀದಿಯ ಗಾಳಿ ನುಗ್ಗಿತು, ಅವಳು ಮಂಡಿ ಕೂಡಿಸಿ ಲಂಗ ಒತ್ತಿ ಹಿಡಿದಳು, ಎಡಗಡೆ ಒತ್ತಿದರೆ ಬಲಗಡೆ ಏಳುತ್ತದೆ, ಮೆಲ್ಲಗೆ, ಗಾಳಿಯಲ್ಲ, ಬಟ್ಟೆಗೆ ದಾರಿ ಗೊತ್ತಿದೆ, ಒಮ್ಮೆ ಹೋಗಿಬಂದ ದಾರಿ, ಅಂಚು ದೀಪದ ಕಡೆ ಬಾಗುತ್ತದೆ, ಹಿಂದಕ್ಕೆ ಬರುತ್ತದೆ, ನಾಳೆ ಕೆಲಸ ಹೋದರೆ ಹೋಗಲಿ, ಅವಳು ಬಾಯಿ ತೆರೆದಳು, ಜೇಬೆಜ್! ಇಳಿಸೋ! ಮಗು ಇದೆ ನಂಗೆ, ಇಳಿಸೋ! ಅದು ತನ್ನ ದನಿಯೇ, ಇಷ್ಟು ದೊಡ್ಡದೇ, ಪಿಟೀಲುಗಳು ಒಂದೊಂದಾಗಿ ಸತ್ತವು, ಕಿನ್ನರಿ ಮಾತಾಡಿದ್ದನ್ನು ಆ ರಂಗಮಂದಿರದಲ್ಲಿ ಯಾರೂ ಕೇಳಿರಲಿಲ್ಲ, ಜೇಬೆಜ್ ಕೂಡ ಕೇಳಿರಲಿಲ್ಲ, ಬೆಚ್ಚಿ ರಾಟೆಯ ಹಿಡಿ ತಿರುಗಿಸುವುದನ್ನೇ ನಿಲ್ಲಿಸಿಬಿಟ್ಟ, ತೋಳು ನಿಂತಿತು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಮೂರನೆಯ ಸಾಲಿಗೆ ಸರಿಸಮನಾಗಿ, ತಿರುಗಿಸೋ, ತಿರುಗಿಸೋ, ಬಿಳಿ ಅಂಚು ಬಾಗುತ್ತದೆ, ಬರುತ್ತದೆ, ಬಾಗುತ್ತದೆ, ನೀಲಿ ಬುಡದ ಹಳದಿ ನಾಲಗೆ, ಬಿಳಿ ಅಂಚು, ಬಾಗಿ —