ಬಾಗಿಲೊಳಗಿನ ಅರಿಷಿಣ

ರೇಡಿಯೋದ ಗಾಜು ಹಳದಿಯಾಗುತ್ತಿದೆ, ಮೊದಲು ಏನೂ ಇರುವುದಿಲ್ಲ, ಆಮೇಲೆ ಒಳಗೆ ಯಾರೋ ದೀಪ ಹಿಡಿದು ನಡೆದು ಬಂದ ಹಾಗೆ ನಿಧಾನಕ್ಕೆ ಬೆಳಕು, ಆಮೇಲೆ ಗರ್ ಎಂಬ ಸದ್ದು, ಆಮೇಲೆ ಮಾತು — ಧಾರವಾಡ ಕೇಂದ್ರ ಬೆಟಗೇರಿಗೆ ಬಂದು ನನ್ನ ಪಡಸಾಲೆಯ ಗೂಡಿನಲ್ಲಿ ಕೂತು ಮಾತಾಡುತ್ತಿದೆ, ಇಂದಿನಿಂದ ಕನ್ನಡದವರೆಲ್ಲ ಒಂದೇ ರಾಜ್ಯ ಎನ್ನುತ್ತಿದೆ, ನಾನು ಅವಲಕ್ಕಿಯ ಬುಟ್ಟಿ ಹಿಡಿದು ನಿಂತೇ ಇದ್ದೇನೆ, ಒಗ್ಗರಣೆ ಸೀದೀತು, ಸೀಯಲಿ, ಇವತ್ತೊಂದು ದಿನ ಸೀದರೆ ಯಾರು ಕೇಳುತ್ತಾರೆ, ಓಣಿಯ ತುಂಬ ಮಾವಿನ ತಳಿರು, ಶಾಲೆಯ ಹುಡುಗರು ಬೆಳಿಗ್ಗೆಯಿಂದ ಜೈ ಎಂದು ಕೂಗಿ ಗಂಟಲು ಕೆಡಿಸಿಕೊಂಡಿದ್ದಾರೆ, ಗದಗಿನ ಕಡೆಯಿಂದ ಮೆರವಣಿಗೆ ಬರುತ್ತದಂತೆ, ಹುಬ್ಬಳ್ಳಿಯಿಂದ ದೇವೇಂದ್ರಪ್ಪನವರು ಬರುತ್ತಾರೆ, ಹಳೆಯ ನಾಣ್ಯ ಕೊಳ್ಳುವವರು, ನನ್ನ ನಾಣ್ಯ ನೋಡಲಿಕ್ಕೆ. ನನ್ನವು. ಇಷ್ಟು ವರ್ಷದಲ್ಲಿ ತಾವಾಗಿ ತೋರಿಸು ಎಂದವರು ಒಬ್ಬರಿಲ್ಲ, ನಮ್ಮವರಂತೂ ಹತ್ತಿ ಅಡತಿಯ ವ್ಯಾಪಾರ ಮುಗಿಸಿ ಬಂದು, ನಾಣ್ಯ ಹೊಲಿದಿಟ್ಟ ಕೌದಿ ಬಿಚ್ಚಿಕೊಂಡು ಕೂತ ನನ್ನನ್ನು ನೋಡಿ, ಏನ ಶೇಖವ್ವ, ಕೂಸುಗಳ್ನ ಮಲಗಸಾಕ ಹತ್ತಿ ಏನು ಎಂದು ನಗುವವರು, ಅದೇ ಮನುಷ್ಯ ಮೊನ್ನೆ ಹುಬ್ಬಳ್ಳಿ ಪೇಟೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು, ನಿನ್ನ ಚಿಲ್ಲರಿಗೆ ಕಿಮ್ಮತ್ತ ಐತಂತ, ಖರೆ ಹೇಳ್ತೀನಿ, ನಾಣ್ಯದಾಗ ಜೀವಾ ಇಟ್ಟಾಂವ ಒಬ್ಬಾಂವ ಸಿಕ್ಕಾನ, ಬರೂ ವರ್ಷ ಆಣೆ ಹೋಗಿ ಹೊಸಾ ಪೈಸೆ ಬರ್ತಾವಂತ, ಈಗ ಕೊಟ್ರ ರೇಡಿಯೋ ನಮ್ಮದು. ಜೀವ ಇಟ್ಟವನು — ಆ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನಾನು ಕೇಳಿಸಿಕೊಳ್ಳಲಿಲ್ಲ. ಸುಳ್ಳು ಯಾಕೆ, ಕೇಳಿಸಿಕೊಂಡೆ, ರೇಡಿಯೋ ಎಂಬುದನ್ನೂ ಕೇಳಿಸಿಕೊಂಡೆ, ನನಗೆ ರೇಡಿಯೋ ಬೇಕು, ನನಗೇ ಬೇಕು, ಮನೆಯಲ್ಲಿರುವುದು ಇಬ್ಬರು, ಅವರು ಪೇಟೆಗೆ ಹೋದರೆ ಸಂಜೆಯ ತನಕ ನನ್ನ ಬಳೆಯ ಸದ್ದು ನನಗೇ ಕೇಳುತ್ತದೆ, ರೇಡಿಯೋ ಅಂಗಡಿಯವನು ಕೇಳಿ ನೋಡ್ರಿ, ಮನಸಿಗೆ ಬಂದ್ರ ಇಟ್ಕೋರಿ, ಇಲ್ಲಂದ್ರ ಸಂಜೀಕ ಬಂದು ಹೊತ್ಕೊಂಡ ಹೊಕ್ಕೀನಿ ಎಂದು ಇಟ್ಟು ಹೋಗಿದ್ದಾನೆ, ಮನಸ್ಸಿಗೆ ಬಂದು ಆಗಲೇ ಗೂಡಿಗೆ ರಂಗೋಲಿಯನ್ನೂ ಹಾಕಿದ್ದೇನೆ.

ಹಾಸು, ಕೌದಿ ಹಾಸು, ಹೆಣ್ಣು ನೋಡಲು ಬರುವವರಿಗೆ ಹಾಸುವ ಹಾಗೆ ನೆರಿಗೆಯಿಲ್ಲದಂತೆ — ಹೊದೆಯುವ ಕೌದಿಯಲ್ಲ ಇದು, ತೊಟ್ಟಿಲಿಗೆ ಹಾಸುವಷ್ಟು ಚಿಕ್ಕದು, ತುಂಡಿಗೊಂದು ಕಿಸೆ, ಕಿಸೆಗೊಂದು ನಾಣ್ಯ, ಯಾರ ಕೈಯಿಂದ ನನ್ನ ಉಡಿಗೆ ಬಿತ್ತೋ ಅವರ ಸೀರೆಯದೇ ತುಂಡು, ಬೇಡಿ ಇಸಿದುಕೊಂಡದ್ದು, ಹಳೇ ಸೀರಿ ತುಂಡು ಯಾಕ ಬೇಕವಾ ನಿನಗ ಎಂದು ನಗಿಸಿಕೊಂಡು ಇಸಿದುಕೊಂಡದ್ದು. ಮುತ್ತೈದೆ ಒಂದು ಮನೆಯಿಂದ ಹೊರಟಳೆಂದರೆ ಸೆರಗು ಒಡ್ಡುತ್ತಾಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆ ಅಡಿಕೆ, ಮೇಲೊಂದು ದುಡ್ಡು, ಎಲ್ಲರೂ ಅಕ್ಕಿ ಬೇಯಿಸಿ ದುಡ್ಡನ್ನು ಪೇಟೆಗೆ ಕಳಿಸುತ್ತಾರೆ, ನಾನು ಅಕ್ಕಿ ಬೇಯಿಸಿ ದುಡ್ಡನ್ನು ಹೊಲಿದಿಟ್ಟೆ, ಅಷ್ಟೇ ನನ್ನ ಹುಚ್ಚು. ಇದು ಲಕ್ಷ್ಮೇಶ್ವರದ ಸೋದರತ್ತೆಯದು, ಮೇಲೆ ಎಳೆಯ ಪ್ರಾಯದ ರಾಣಿಯ ಮುಖ, ಮೂಗು ಸವೆದು ಆ ಅತ್ತೆಯ ಮೂಗಿನಂತೆಯೇ ಆಗಿದೆ, ಇದು ಶಿರಹಟ್ಟಿಯ ಮರಿಯವ್ವ ಕೊಟ್ಟದ್ದು, ರಾಜನ ನಿಲುವಂಗಿಯ ಮೇಲೆ ಆನೆ ಬಿಡಿಸಲು ಹೋಗಿ ಹಂದಿ ಬಿಡಿಸಿದ್ದಾರೆ, ಮರಿಯವ್ವ ಅದನ್ನು ಉಡಿಗೆ ಹಾಕುವಾಗಲೂ ನಗು ತಡೆಯಲಾರದೆ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿದ್ದಳು, ಇದು ಯುದ್ಧದ ಕಾಲದ ತೂತಿನ ದುಡ್ಡು, ತೂತಿನಲ್ಲಿ ಕೆಂಪು ದಾರ ಹಾಯಿಸಿ ಗುಂಡಿಯ ಹಾಗೆ ಹೊಲಿದಿದ್ದೇನೆ — ಎಲ್ಲವನ್ನೂ ಅವರಿಗೆ ಹೇಳಬೇಕು, ಯಾವುದರಿಂದ ಶುರುಮಾಡಲಿ, ಅವ್ವನದನ್ನು ಕೊನೆಗೆ ತೋರಿಸುತ್ತೇನೆ. ಅವ್ವನದು ನಟ್ಟನಡುವಿನ ಕಿಸೆ, ಹಸಿರು ಇಳಕಲ್ಲಿನ ತುಂಡು, ಒಳಗೆ ನಿಜಾಮನ ಎಂಟಾಣೆ, ನಾಲ್ಕು ಮಿನಾರಿನ ಗೋಪುರ, ಗೋಪುರದ ನಡುವೆ ಎಳ್ಳಿನಷ್ಟು ಬಾಗಿಲು. ಆ ದಿನ ಮುಂಡರಗಿಯ ನನ್ನ ತವರುಮನೆಯ ಹೊಸ್ತಿಲು, ಹೊರಗೆ ಬೆಟಗೇರಿಯ ಚಕ್ಕಡಿ, ನಾನು ಹೊಸ ಮದುಮಗಳು, ಅತ್ತು ಅತ್ತು ಕಣ್ಣು ಮುಚ್ಚಿಹೋಗಿವೆ, ಅವ್ವ ಉಡಿ ತುಂಬುತ್ತಿದ್ದಾಳೆ, ಆ ಅಳುವಿನಲ್ಲೂ ನನಗೆ ಕಾಣಿಸಿಬಿಟ್ಟಿತು, ಅವ್ವಾ, ಇದು ಕೊಪ್ಪಳದ ಕಡೀ ದುಡ್ಡು, ಬೆಟಗೇರ್ಯಾಗ ನಡ್ಯಂಗಿಲ್ಲ. ನಡೀಬಾರದಂತನ ಹಾಕೀನಿ ತಂಗಿ, ಎಂದಳು ಅವ್ವ, ನಡಿಯೂದು ಹಾಕಿದ್ರ ನೀ ಖರ್ಚ ಮಾಡಿಬಿಡ್ತಿ. ಹೌದು, ಆಗ ಹಾಗಿತ್ತು, ಮುಂಡರಗಿ ದಾಟಿ ಎತ್ತು ದಣಿಯುವ ಮೊದಲೇ ನಿಜಾಮನ ಸೀಮೆ, ದೊರೆ ಬೇರೆ, ದುಡ್ಡು ಬೇರೆ, ಅವ್ವ ಹಸಿ ಅರಿಷಿಣದ ಹೆಬ್ಬೆರಳನ್ನು ನಾಣ್ಯದ ಮೇಲೆ ಒತ್ತಿದಳು, ಒಂದು ಸಲ, ಗಟ್ಟಿಯಾಗಿ, ಬಾಗಿಲೊಳಗೆ ಅರಿಷಿಣ ಕೂತಿತು, ಮುಂದಿನ ಪಂಚಮಿಗೆ ನನ್ನನ್ನು ಕರೆಯಲು ಅವ್ವ ಇರಲಿಲ್ಲ, ಅರಿಷಿಣ ಇತ್ತು. ಈಗದು ಮಣ್ಣಿನ ಬಣ್ಣಕ್ಕೆ ತಿರುಗಿದೆ, ಬೇರೆಯವರಿಗೆ ಕಂದು, ನನಗೆ ಹಳದಿ. ಬಳೆಗಾರ್ತಿ ದಿಲಶಾದಬಿ ಒಮ್ಮೆ ಕೈಯಲ್ಲಿ ಹಿಡಿದು, ಆ ಬಾಗಲದಾಗ ಒಂದು ಉರ್ದು ಅಕ್ಷರ ಇರತೈತಿ ಶೇಖವ್ವ, ಸೂಜಿ ತಾ, ತಗದು ನೋಡೂಣು ಎಂದಳು, ಬ್ಯಾಡ ಎಂದೆ, ಅವಳು ನನ್ನ ಮುಖ ನೋಡಿ ವಾಪಸು ಕೊಟ್ಟಳು.

ಬಂದರು. ಬರ್ರಿ, ಕುಂಡ್ರಿ, ಕರಿ ಟೊಪ್ಪಿಗೆ, ಸಣ್ಣ ಮೀಸೆ, ಕೈಚೀಲದಿಂದ ಕರಿ ಬಟ್ಟೆ ತೆಗೆದು ಹಾಸಿದರು, ಭೂತಗನ್ನಡಿ ತೆಗೆದರು, ಕನ್ನಡಿ ನೋಡಿದೊಡನೆ ನನಗೆ ಖುಷಿಯಾಯಿತು, ಕಣ್ಣಿಗೆ ಕಾಣುವುದು ಸಾಲದೆಂದು ಕನ್ನಡಿ ತಂದಿದ್ದಾರೆ ಮನುಷ್ಯ, ಶುರುಮಾಡಿಯೇ ಬಿಟ್ಟೆ, ಇದು ಲಕ್ಷ್ಮೇಶ್ವರದ ನಮ್ಮ ಸೋದರತ್ತಿ — ಹೂಂ ಅಕ್ಕಾರ, ಇಸವಿ ಅಷ್ಟ ನೋಡ್ತೀನಿ. ಇದರಾಗಿನ ಆನಿ ನೋಡ್ರಿ, ಥೇಟ್ ಹಂದಿ — ಗೊತ್ತೈತ್ರಿ, ಸವದೈತಿ, ತೂಕದ ಮ್ಯಾಲ ಹೊಕ್ಕೈತಿ. ಕಿಸೆಯಿಂದ ಕಿತ್ತು ಕಿತ್ತು ಕರಿ ಬಟ್ಟೆಯ ಮೇಲೆ, ಟಕ್, ಟಕ್, ಕೆಂಪು ದಾರವನ್ನು ಬ್ಲೇಡಿನಿಂದ ಕೊಯ್ದರು, ಕೌದಿ ನೀವ ಇಟ್ಕೋರಿ ಅಕ್ಕಾರ, ನಮಗ ಅದರ ಕೆಲಸಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದರು, ಕೆಟ್ಟ ಮನುಷ್ಯನಲ್ಲ, ಅವಲಕ್ಕಿ ಚಲೋ ಆಗೇದ್ರಿ ಎಂದೂ ಅಂದರು. ಇರಲಿ, ಅವ್ವನದು ಬರಲಿ, ಅದನ್ನು ನೋಡಿದರೆ ಮಾತು ಬದಲಾಗುತ್ತದೆ, ಬಂತು, ನೋಡಿದರು, ಕನ್ನಡಿ ಹತ್ತಿರ ಹೋಯಿತು, ದೂರ ಬಂತು, ಮತ್ತೆ ಹತ್ತಿರ, ಬಾಯಲ್ಲಿದ್ದ ಅವಲಕ್ಕಿ ನಿಂತಿತು, ಕಣ್ಣು ಹೊಳೆಯಿತು, ಅವರ ಕಣ್ಣು ಖರೆ ಹೊಳೆಯಿತು, ಕಂಡಿತು, ಅವ್ವನ ಹೆಬ್ಬೆರಳು ಇವರಿಗೆ ಕಂಡಿತು, ನಾನು ಹಿಗ್ಗಿ ಹೇಳಹೊರಟೆ, ನಮ್ಮವ್ವ ಅಮೃತವ್ವ ಅಂತ, ನಾ ಹೊಂಡೂ ದಿನ — ಅವರು ನಮ್ಮವರ ಕಡೆ ತಿರುಗಿದರು, ಉಳವಪ್ಪನವರ, ಇದರಾಗ ಒಂದು ನಮೂನಿ ಅಕ್ಷರದ ನಾಣ್ಯ ಭಾಳ ಕಮ್ಮಿ ಅದಾವು, ಅದಾದ್ರ ಇದೊಂದರಾಗ ನಿಮ್ಮ ರೇಡಿಯೋ ಬಂತು, ಉಳಿದೂವ ಹಂಗ ಇಟ್ಕೋರಿ ಬೇಕಾದ್ರ. ನಮ್ಮವರು ತೊಡೆ ತಟ್ಟಿದರು, ಕೇಳಿದೇನು, ಕೇಳಿದೇನು, ಕೇಳಿದೆ, ನನ್ನ ಎದೆಯೂ ಹಾರಿತು, ಒಂದೇ ನಾಣ್ಯ, ಬಾಕಿಯೆಲ್ಲ ನನ್ನವೇ, ರೇಡಿಯೋ ನನ್ನದು, ದೇವೇಂದ್ರಪ್ಪನವರು ಟೊಪ್ಪಿಗೆಯ ಅಂಚಿಗೆ ಸಿಕ್ಕಿಸಿದ್ದ ಗುಂಡುಸೂಜಿ, ಟಾಚಣಿ, ತೆಗೆದರು, ಬಾಗಲದಾಗ ಕಸಾ ಕುಂತೈತಿ, ಅಕ್ಷರ ಕಾಣವಲ್ತು.

ಕಸ. ಟಾಚಣಿಯ ಮೊನೆ ಬಾಗಿಲಿಗೆ ಹೋಯಿತು, ನಾನು ನೋಡುತ್ತಿದ್ದೇನೆ, ರೇಡಿಯೋ ಮಾತಾಡುತ್ತಿದೆ, ಮುಂಬಯಿಯದು ಹೈದರಾಬಾದಿನದು ಎಂದಿನ್ನು ಭೇದವಿಲ್ಲ ಎನ್ನುತ್ತಿದೆ, ಓಣಿಯಲ್ಲಿ ಮೆರವಣಿಗೆಯ ಹಲಗೆಯ ಸದ್ದು, ಇಂದಿನಿಂದ ಕೊಪ್ಪಳವೂ ನಮ್ಮದೇ, ಅವ್ವಾ, ನಿನ್ನ ನಡೆಯದ ದುಡ್ಡು ಇವತ್ತು ನಡೆಯುತ್ತಿದೆ, ರೇಡಿಯೋ ತರುವಷ್ಟು ನಡೆಯುತ್ತಿದೆ — ಒಣಗಿದ ಕಂದು ಹೆಕ್ಕಳ ಬಿರಿಯಿತು, ಒಳಗೆ ಹಳದಿ. ಅಚ್ಚ ಹಳದಿ, ನಿನ್ನೆ ತೇಯ್ದ ಹಾಗೆ. ಕರಿ ಬಟ್ಟೆಯ ಮೇಲೆ ಉದುರಿತು, ಬಾಗಿಲು ಖಾಲಿ, ಖಾಲಿ ಬಾಗಿಲಿನಲ್ಲಿ ಕೊಂಡಿಯಂಥ ಅಕ್ಷರ, ಅದನ ನೋಡ್ರಿ, ಅದನ ಐತಿ ಎಂದು ದೇವೇಂದ್ರಪ್ಪನವರು ನಕ್ಕರು, ನಮ್ಮವರು ಎದ್ದೇ ನಿಂತರು, ಬಟ್ಟೆಯ ಮೇಲಿನ ಪುಡಿ ಊದಿ ಚೊಕ್ಕ ಮಾಡಲು ದೇವೇಂದ್ರಪ್ಪನವರು ತುಟಿ ಮುಂದೆ ಮಾಡಿದರು, ನನ್ನ ಅಂಗೈ ಹೋಗಿ ಬಟ್ಟೆಯ ಮೇಲೆ ಬಿತ್ತು, ಊದಬ್ಯಾಡ್ರಿ. ಯಾಕ್ರಿ ಅಕ್ಕಾರ. ಅದು ಕಸ ಅಲ್ರಿ. ಹೆಬ್ಬೆರಳನ್ನು ನಾಲಗೆಗೆ ಒತ್ತಿಕೊಂಡೆ, ಬಟ್ಟೆಗೆ ಒತ್ತಿದೆ, ಸಿಕ್ಕಷ್ಟು ಸಿಕ್ಕಿತು, ಅವರ ಕೈಯಲ್ಲಿದ್ದ ನಾಣ್ಯ ಈಗ ನನ್ನ ಕೈಯಲ್ಲಿದೆ, ಯಾವಾಗ ಕಸಿದೆನೋ, ಏನ ಮಾಡಾಕ ಹತ್ತಿ ಶೇಖವ್ವ, ಸಂಜೀಕ ಆಂವ ಬರ್ತಾನ, ರೇಡಿಯೋ ಹೊಕ್ಕೈತಿ — ಹೋಗ್ಲಿ, ಅಂದೆ, ನಾನೇ ಅಂದೆ, ಇದು ನಡ್ಯಂಗಿಲ್ರಿ, ನಡೀಬಾರದಂತನ ನಮ್ಮವ್ವ ಹಾಕ್ಯಾಳ. ಹೆಬ್ಬೆರಳನ್ನು ನಾಣ್ಯದ ಬಾಗಿಲಿಗೆ ಒತ್ತುತ್ತೇನೆ, ಗಟ್ಟಿಯಾಗಿ, ಅಗಲ ಉಗುರು, ವಾರೆಯಾದ ಗೆಣ್ಣು, ಅವ್ವನದೇ ಹೆಬ್ಬೆರಳು ಇದು, ಇಷ್ಟು ದಿನ ನನ್ನ ಕೈಯಲ್ಲೇ ಇತ್ತು, ಎತ್ತಿ ನೋಡಲು ಭಯ, ಎತ್ತಿದೆ, ಸಾಲಲಿಲ್ಲ, ಉದುರಿದ್ದೆಲ್ಲ ಸಿಕ್ಕಿರಲಿಲ್ಲ, ಮತ್ತೆ ಬಟ್ಟೆ ನೋಡಿದೆ, ಏನೂ ಇಲ್ಲ, ಮತ್ತೆ ನಾಣ್ಯ ನೋಡಿದೆ, ಎಳ್ಳಿನಷ್ಟು ಬಾಗಿಲು, ಅರ್ಧ ಅಕ್ಷರ, ಅರ್ಧ ಹಳದಿ, ಎಳ್ಳಿನಷ್ಟು ಬಾಗಿಲು, ಅರ್ಧ ಹಳದಿ —