ಒಂದು ಸಲವಾದರೂ ಅತ್ತಿತ್ತೆ

ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಮಾದೇವಿ ಇನ್ನೂ ಕಪ್ಪು ಎತ್ತಿಲ್ಲ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ನು ಝಾಡಿಸುತ್ತಿದ್ದಾಳೆ, ಎಷ್ಟು ಚೆನ್ನಾಗಿ ಕಲಿತಿದ್ದಾಳೆ, ಮೊದಲು ವಯಸ್ಸು, ಆಮೇಲೆ ಲಗ್ನವಾದ ವರ್ಷ, ಆಮೇಲೆ ಮೆಲ್ಲಗೆ ಮಕ್ಕಳ ಮಾತು — ತಾಯಿ-ಮಕ್ಕಳ ಸಮೀಕ್ಷೆಗೆಂದು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ತರಬೇತಿ ಪಡೆದವರು, ಈಗ ಬಾಗಲಕೋಟೆಯ ತನ್ನ ಮನೆಯ ಪಡಸಾಲೆಯಲ್ಲೇ ಸುಲಭಾ ಉತ್ತರ ಹೇಳುವವಳಾಗಿದ್ದಾಳೆ, ಹಿಂದೆ ತೂಗುಮಂಚದ ಮೇಲೆ ಅತ್ತೆ ತುಳಸೀಬಾಯಿ, ಕೈ ಬತ್ತಿ ಹೊಸೆಯುತ್ತಿದೆ, ಕಿವಿಯೆಲ್ಲ ಇತ್ತಲೇ. ಚೀಟಿ ಎತ್ತಿದಾಗ ಬಂದ ಸಂಖ್ಯೆಯಿಂದ ಮನೆ ಎಣಿಸುತ್ತ ಹೋದರೆ ಈ ಗಲ್ಲಿಯಲ್ಲಿ ಬಿದ್ದದ್ದು ಇದೇ ಮನೆ. ಬಿಟ್ಟುಬಿಡಬಹುದೇನ್ರಿ ಎಂದು ಸುಲಭಾ ಕಚೇರಿಯಲ್ಲಿ ನಗುನಗುತ್ತಲೇ ಕೇಳಿದ್ದಳು, ಮೇಲ್ವಿಚಾರಕ ಶ್ರೀನಿವಾಸರಾಯರು ತಲೆ ಎತ್ತಲಿಲ್ಲ, ಬಂದ ಮನಿ ಬಿಡೋ ಹಂಗಿಲ್ರೀ ಬಾಯಾರ, ನಮಗ ಬೇಕಾದ ಮನಿ ಆರಿಸ್ಕೊಂಡ್ರ ಅದು ಊರಿನ ಲೆಕ್ಕ ಆಗೂದಿಲ್ಲ, ನಮ್ಮ ಲೆಕ್ಕ ಆಗ್ತದ, ನಿಮಗ ನಾ ಹೇಳಬೇಕೇನು? ಹೇಳಬೇಕಿರಲಿಲ್ಲ, ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆ ಬರೆದು ಬರುತ್ತಿದ್ದ ಹುಡುಗಿಯರಿಗೆ ಈ ಮಾತನ್ನು ಅವಳೇ ಹೇಳುತ್ತಿದ್ದಳು, ರಸ್ತೆಯ ಮಗ್ಗಲಿನವರು, ಕರೆದು ಚಹಾ ಕೊಡುವವರು, ಇಂಥವರನ್ನಷ್ಟೇ ಕೇಳಿದರೆ ಕುರಿಯ ಹಿಂದೆ ಹೋದವರು ಎಲ್ಲಿ ಸೇರಬೇಕು? ಎಷ್ಟು ಜಂಬವಿತ್ತು ಆ ದನಿಯಲ್ಲಿ, ಈಗ ಕೇಳಿಸುತ್ತದೆ.

ಮಕ್ಕಳೆಷ್ಟ್ರಿ ಅಕ್ಕಾರ? ಒಬ್ಬಾಕಿ, ಸಾಲಿಗೆ ಹೋಗ್ಯಾಳ. ಮಾದೇವಿ ಬರೆದುಕೊಂಡಳು, ಮಗಳನ್ನು ಅವಳು ಎಷ್ಟೋ ಸಲ ಎತ್ತಿ ಆಡಿಸಿದ್ದಾಳೆ, ಆದರೂ ಕೇಳಬೇಕು, ಕೇಳಿಯೇ ಬರೆಯಬೇಕು. ಹುಟ್ಟಿ ಆಮ್ಯಾಲ ತೀರಿಕೊಂಡಿದ್ದು? ಬತ್ತಿ ಹೊಸೆಯುವ ಕೈ ನಿಂತಿತೋ ಇಲ್ಲವೋ, ಹೊರಳಿ ನೋಡುವಂತಿಲ್ಲ, ಅತ್ತೆಯೇ ಮಾತಿಗೆ ಬಂದರು, ಮೊದಲನೇದು ಹೊಟ್ಟಿಯೊಳಗ ಹೋಗಿತ್ತವಾ, ಬಾದಾಮಿಯೊಳಗ, ತೌರುಮನಿಯೊಳಗ, ನಮ್ಮ ನಸೀಬ. ಇನ್ನು ಮುಂದಿನ ಪ್ರಶ್ನೆ ಯಾವುದೆಂದು ಸುಲಭಾಗೆ ಗೊತ್ತು, ಹೊಟ್ಟೆಯಲ್ಲೇ ಹೋಯಿತು ಎಂದವರನ್ನು ಹಾಗೆಯೇ ಬಿಡಬಾರದು, ಇನ್ನೊಮ್ಮೆ ಕೇಳಬೇಕು, ಒಂದು ಸಲವಾದರೂ ಅತ್ತಿತ್ತೆ, ಉಸಿರಾಡಿತ್ತೆ, ಅತ್ತಿದ್ದರೆ ಅದು ಹುಟ್ಟಿದ ಮಗು, ಅದನ್ನು ಎಣಿಸಬೇಕು — ಇದೇ ಸಮೀಕ್ಷೆಗೆ ಹೋದಾಗ ಗುಡೂರಿನಲ್ಲಿ ಹುಚ್ಚವ್ವ ಎಂಬವಳನ್ನು ಸುಲಭಾ ಕೇಳಿದ್ದು ಹೀಗೆಯೇ. ಆ ಮನೆಗೆ ಯಾವಾಗ ಹೋದರೂ ಬೀಗ, ಕುರಿ ಕಾಯುವ ಮಂದಿ, ಹಿಂಡಿನ ಸಂಗಡ ಹೊಳೆಸಾಲಿಗೆ ಹೋಗಿದ್ದರು, ಬೀರಪ್ಪನ ಪೂಜೆಗೆ ಊರಿಗೆ ಬಂದಾರ ಎಂದು ಕೇಳಿದ್ದೇ ಬಿಸಿಲಿನಲ್ಲಿ ಓಡಿಹೋದಳು. ಹುಚ್ಚವ್ವ ಕಂಬಕ್ಕೆ ಒರಗಿ ಕೂತಿದ್ದಳು, ಅವಳ ಅತ್ತೆ ರಂಗವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು, ಹೆಣ್ಣುಮಗಳೊಬ್ಬಳೇ ಇದ್ದಾಗ ಕೇಳಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಆದರೆ ಹುನಗುಂದದ ಬಸ್ಸು ತಪ್ಪುತ್ತಿತ್ತು, ಮುದುಕಿಗೆ ಏನು ತಿಳಿಯುತ್ತದೆ ಎಂದೂ ಅನಿಸಿತ್ತು, ಹೌದು, ಅನಿಸಿತ್ತು. ಸತ್ತ ಹುಟ್ಟಿತ್ರಿ, ಅಡವ್ಯಾಗ, ಎಂದಳು ಹುಚ್ಚವ್ವ, ನೆಲ ನೋಡುತ್ತ. ಅಷ್ಟಕ್ಕೆ ಬಿಡಬಹುದಿತ್ತು, ಬಿಡಲಿಲ್ಲ. ಖರೆ ಹೇಳವಾ, ಒಂದ್ಸಲಾನಾದ್ರೂ ಅತ್ತಿತ್ತೇನು? ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಾಗ ಹುಚ್ಚವ್ವ ಬಾಯಿಬಿಟ್ಟಳು, ಅತ್ತಿತ್ರಿ, ಸಂಜೀತನಕಾ ಇತ್ತು, ಕುರಿ ಮುಂದ ಹೋಗಿದ್ದುವು, ನಮಗ ನಿಂದ್ರಾಕ ಆಗಲಿಲ್ಲ. ಮೊರದ ಸಪ್ಪಳ ನಿಂತುಹೋಯಿತು. ನನ್ನ ಮುಂದ ಸತ್ತ ಹುಟ್ಟಿತ್ತು ಅಂದಿದ್ದಿ ಅಲ್ಲ, ಎಂದಳು ರಂಗವ್ವ, ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ, ಅದಕ್ಕೇ ಅದು ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು, ಮೊಮ್ಮಗ ಜೀವಂತ ಇದ್ದಾ ಅನ್ನೂದು ನನಗ ಇವತ್ತ ತಿಳೀಬೇಕೇನು, ಹೊರಗಿನವರ ಮುಂದ? ಸುಲಭಾ ಬಸ್ಸು ಹಿಡಿದಳು. ಶ್ರೀನಿವಾಸರಾಯರು ಎಲ್ಲರ ಎದುರು ಹೊಗಳಿದರು, ನೋಡ್ರಿ, ಬ್ಯಾರೇದವರಾಗಿದ್ರ ಈ ಕೂಸು ಲೆಕ್ಕಕ್ಕ ಬರ್ತಿದ್ದಿಲ್ಲ, ಅವಳು ನಾಚಿದಂತೆ ತಲೆ ತಗ್ಗಿಸಿದ್ದಳು, ಆವಾಗಿನದು ನಾಚಿಕೆಯಲ್ಲ, ಒಳಗೊಳಗೆ ಹಿಗ್ಗು. ಮರುತಪಾಸಣೆಗೆ ಹೋದಾಗ ರಂಗವ್ವನೇ ಬಾಗಿಲಿಗೆ ಬಂದಳು, ತವರಿಗೆ ಹೋಗ್ಯಾಳ್ರಿ. ಯಾವಾಗ ಬರ್ತಾಳ ಎಂದು ಕೇಳಬೇಕಿತ್ತು. ಎಲ್ಲವನ್ನೂ ಕೇಳುವ ಸುಲಭಾ ಅದೊಂದನ್ನು ಕೇಳಲಿಲ್ಲ.

ಮಾದೇವಿ ತಲೆ ಎತ್ತಿದ್ದಾಳೆ, ಕೇಳುವವಳಿದ್ದಾಳೆ — ಬಾದಾಮಿಯಲ್ಲಿ ಅಂದು ಮಧ್ಯಾಹ್ನವಾಗಿತ್ತು, ಕೆಂಪು ಗುಡ್ಡದ ಝಳ ಕೋಣೆಯೊಳಗೂ ಬರುತ್ತಿತ್ತು, ಕೂಸು ಹುಟ್ಟಿ ಒಂದು ಸಲ ಸಣ್ಣಗೆ ಅತ್ತಿತು, ಆಮೇಲೆ ಬಾಯಿ ತೆರೆದು ಮುಚ್ಚುವುದಷ್ಟೇ, ಉಸಿರು ಹತ್ತವಲ್ದು, ದವಾಖಾನಿಗೆ ಒಯ್ರಿ, ಎಂದಳು ಸೂಲಗಿತ್ತಿ. ಪಕ್ಕದ ಮನೆಯ ಅಂದಪ್ಪನ ಜೀಪು ಅಂಗಳದಲ್ಲೇ ನಿಂತಿತ್ತು, ಬಚ್ಚಲ ನೀರಿಗಾಗಿ ಜಗಳವಾಗಿ ಎರಡು ಮನೆಗೂ ಮಾತಿರಲಿಲ್ಲ. ಅವರ ಕಟ್ಟಿ ನಾ ಹತ್ತೂದಿಲ್ಲ ಎಂದಳು ಅವ್ವ, ಶಾಬುದ್ದೀನನ ಟಾಂಗಾ ಸ್ಟೇಶನ್ನಿಗೆ ಹೋಗೇದ, ಈಗ ಬರ್ತದ. ಕಿಟಕಿ ಸುಲಭಾಳ ತಲೆಯ ಹತ್ತಿರವೇ ಇತ್ತು, ಅಂದಪ್ಪಣ್ಣಾ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು, ದನಿ ಇತ್ತು, ಖರೆ, ದನಿ ಇತ್ತು, ಅವ್ವನ ಮುಖ ನೋಡಿ ಸುಮ್ಮನಾದಳು, ಜೀಪು ಚಾಲೂ ಆದ ಸಪ್ಪಳ ಕೇಳಿತು, ಯಾವುದೋ ಕೆಲಸಕ್ಕೆ ಹೊರಟಿತ್ತು, ಕೂಸಿನ ಬಾಯಿ ತೆರೆಯಿತು, ಮುಚ್ಚಿತು. ಟಾಂಗಾ ಬಂದಾಗ ಒಯ್ಯುವುದಕ್ಕೆ ಏನೂ ಉಳಿದಿರಲಿಲ್ಲ. ಮರುದಿನ ಅಂದಪ್ಪ ಬಾಗಿಲ ತನಕ ಬಂದು ನಿಂತ, ಒಳಗೆ ಕಾಲಿಡಲಿಲ್ಲ, ಒಂದು ಮಾತು ಕರೀಬಾರದಾಗಿತ್ತೇನ್ರಿ ಎಂದ, ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾಗಲಕೋಟೆಗೆ ಹೇಳಿಕಳಿಸಿದ್ದು ಬೇರೆಯೇ, ಹೊಟ್ಟೆಯಲ್ಲೇ ಹೋಗಿತ್ತು ಎಂದು. ಗಂಡ ನಂಬಿದ, ಅತ್ತೆ ನಂಬಿದರು, ಇಂದಿಗೂ ಬಾದಾಮಿಗೆ ಹೋದಾಗ ಅತ್ತೆ ಅವ್ವನ ಕೈ ಹಿಡಿದು ಸಮಾಧಾನ ಮಾಡುತ್ತಾರೆ, ಅವ್ವ ಕೈ ಬಿಡಿಸಿಕೊಳ್ಳುವುದಿಲ್ಲ, ಸುಲಭಾ ಗೋಡೆ ನೋಡುತ್ತ ಕೂತಿರುತ್ತಾಳೆ.

ಅತ್ತಿಯವರ, ಒಂದೀಟು ನೀರು ಕೊಡ್ತೀರೇನ್ರಿ, ಎಂದಳು ಮಾದೇವಿ. ಚಹಾ ಕುಡಿಯದವಳಿಗೆ ನೀರು ಯಾಕೆ, ತುಳಸೀಬಾಯಿಗೆ ತಿಳಿಯಲಿಲ್ಲ, ಬತ್ತಿ ಬದಿಗಿಟ್ಟು ಎದ್ದರು, ಅಡುಗೆಮನೆಯ ಕಡೆ ನಡೆದರು, ಮಾದೇವಿ ಅವರು ಒಳಗೆ ಹೋಗುವ ತನಕ ಕಾದಳು, ಆಮೇಲೆ ಮುಂದಕ್ಕೆ ಬಾಗಿ, ದನಿ ಇಳಿಸಿ, ಅಕ್ಕಾರ, ಒಂದ್ಸಲಾನಾದ್ರೂ ಅತ್ತಿತ್ತೇನ್ರಿ? ಇಷ್ಟೇ ಆಗಿತ್ತಲ್ಲ ಮಾಡಬೇಕಾದದ್ದು, ಗುಡೂರಿನಲ್ಲಿ, ರಂಗವ್ವನ ಹತ್ತಿರ ಒಂದು ತಂಬಿಗೆ ನೀರು ಬೇಡುವುದು, ಇಷ್ಟೇ. ಈಗ ಹೇಳಬಹುದು, ಯಾರೂ ಕೇಳಿಸಿಕೊಳ್ಳುವುದಿಲ್ಲ, ಮಾದೇವಿ ಬಾಯಿ ಬಿಡುವವಳಲ್ಲ, ಹೆಸರಿಲ್ಲದೆ ಒಂದು ಅಂಕಿಯಾಗಿ ಹೋಗಿ ಸೇರುತ್ತದೆ, ಹುಚ್ಚವ್ವನ ಕೂಸಿನ ಮಗ್ಗಲಿಗೆ. ಹುಚ್ಚವ್ವನಿಗೆ ಎಲ್ಲರೆದುರು ಖರೆ ಹೇಳುವ ಎದೆ ಇತ್ತು, ಇವಳಿಗೆ ಒಬ್ಬಳೇ ಇದ್ದಾಗಲೂ ಇಲ್ಲವೇ, ಹೇಳು, ಹೇಳಬೇಕು, ಹೇಳುತ್ತಾಳೆ — ಇಲ್ಲ, ಎಂದಳು ಸುಲಭಾ.

ಇಲ್ಲ ಎಂದದ್ದು ಎಷ್ಟು ಸಲೀಸಾಗಿ ಬಂತು, ನಾಲಿಗೆ ತಡವರಿಸಲೂ ಇಲ್ಲ. ಮಾದೇವಿ ಇನ್ನೊಮ್ಮೆ ಕೇಳಲಿಲ್ಲ, ಮತ್ತೊಮ್ಮೆ ಕೇಳಲಿಲ್ಲ, ಆತ್ರಿ ಅಕ್ಕಾರ, ಎಂದು ಬರೆದುಕೊಂಡಳು, ಕೇಳೇ, ಮಾದೇವಿ, ಇನ್ನೊಮ್ಮೆ ಕೇಳು, ನಾನು ಕೇಳಿದಂತೆ ಕೇಳು, ಒಳಗೆ ತಂಬಿಗೆ ತುಂಬುವ ಸಪ್ಪಳ, ಅತ್ತೆಯ ಹೆಜ್ಜೆ ಇತ್ತ ಬರುತ್ತಿದೆ, ಇನ್ನೂ ಹೊಸ್ತಿಲು ದಾಟಿಲ್ಲ, ಈಗಲೂ ಹೇಳಬಹುದು, ಸುಲಭಾ ಬಾಯಿ ತೆರೆದಳು, ದನಿ ಬರಲಿಲ್ಲ, ಮುಚ್ಚಿದಳು, ತೆರೆದಳು, ಅಷ್ಟು ಸಣ್ಣ ಬಾಯಿ, ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ —